ಅರ್ಧನಾರೀಶ್ವರನ ಎಡ-ಬಲ ಮಷೀನಿಗೆ ಯಾಕೆ ತಿಳಿಯುತ್ತಿಲ್ಲ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಎಣ್ಣೆಬಣ್ಣದಲ್ಲಿ ಕೆಲಸ ಮಾಡುವವಳು. ಏಳು ತಿಂಗಳಿಂದ ಒಂದು ಸರಣಿ ಹಿಡಿದು ಕೂತಿದ್ದೇನೆ: ಒಂದೇ ಮೈಯಲ್ಲಿ ಎರಡು ಜೀವ ಇರುವ ಪುರಾಣದ ರೂಪಗಳು. ನರಸಿಂಹ, ಗ್ರೀಕರ ಗೂಳಿತಲೆಯ ಮನುಷ್ಯ ಮಿನೋಟಾರ್, ಅರ್ಧನಾರೀಶ್ವರ. ಪದ ಕೊಟ್ಟರೆ ಚಿತ್ರ ಮಾಡಿಕೊಡುವ ಎಐ, ಅಂದರೆ ಡಿಫ್ಯೂಷನ್ ಮಾದರಿಯೊಂದರಿಂದ ಹತ್ತಾರು ಚಿತ್ರ ತೆಗೆಸಿ, ಕಾಡಿದ್ದನ್ನು ಕ್ಯಾನ್ವಾಸಿಗೆ ಇಳಿಸುತ್ತೇನೆ.

ಅರ್ಧನಾರೀಶ್ವರನ ಹತ್ತಿರ ಬಂದು ಸಿಕ್ಕಿಕೊಂಡಿದ್ದೇನೆ. ಮೂರ್ತಿಯ ಬಲಕ್ಕೆ ಶಿವ, ಎಡಕ್ಕೆ ಪಾರ್ವತಿ ಎಂದು ಎಷ್ಟು ಬಿಡಿಸಿ ಬರೆದರೂ ಅರ್ಧಕ್ಕರ್ಧ ಸಲ ಅದಲು ಬದಲು. ಅದಕ್ಕಿಂತ ನೋವಾಗುವುದು ಇನ್ನೊಂದು. ಹಣೆಯಿಂದ ಗದ್ದದವರೆಗೆ ನೆಟ್ಟಗೆ ಒಂದು ಗೆರೆ, ಆಚೆ ನೀಲಿ, ಈಚೆ ಅರಿಶಿನ. ಮೂಗು ಅದೇ, ತುಟಿ ಅದೇ, ಬಣ್ಣ ಮಾತ್ರ ಬೇರೆ. ಮುಂಬಯಿ ಹತ್ತಿರದ ಎಲಿಫೆಂಟಾ ಗುಹೆಯ ಶಿಲ್ಪದಲ್ಲಿ ಇಂಥ ಗೆರೆಯೇ ಇಲ್ಲ. ನಂದಿಗೆ ಒರಗಿ ನಿಂತ ಮೈ ಎಡಕ್ಕೆ ಬರುತ್ತಾ ಸೊಂಟದಲ್ಲಿ ಬಳುಕುತ್ತದೆ, ಆ ಬದಿಯ ಕೈಗೆ ಕನ್ನಡಿ ಬರುತ್ತದೆ. ಗಂಡು ಎಲ್ಲಿ ಮುಗಿಯಿತು ಎಂದು ಬೆರಳಿಟ್ಟು ತೋರಿಸಲಾಗುವುದಿಲ್ಲ.

ತಪ್ಪು ನನ್ನ ಮಾತಿನಲ್ಲಿದೆಯೋ, ಅಥವಾ ಈ ಆದಿಮ ರೂಪ ಆ ಮಷೀನಿನೊಳಗೆ ಇಲ್ಲವೇ ಇಲ್ಲವೋ?

ಉತ್ತರ 1

ಮಾತಿನ ತಪ್ಪಲ್ಲ ಮೇಡಂ. ಆ ಮಾದರಿ ಬರೀ ಗದ್ದಲದಂಥ ಚುಕ್ಕಿಗಳಿಂದ ಶುರುಮಾಡಿ, ಹೆಜ್ಜೆ ಹೆಜ್ಜೆಗೂ ಗದ್ದಲ ಕಳೆಯುತ್ತಾ, ನೀವು ಕೊಟ್ಟ ಪದಗಳ ಜೊತೆ ಹೆಚ್ಚಾಗಿ ಕಂಡ ರೂಪದತ್ತ ಜಾರುತ್ತದೆ. ಕಲಿಕೆಯ ಚಿತ್ರಗಳ ಅಡಿಬರಹದಲ್ಲಿ ಎಡ-ಬಲ ಹೇಳಿರುವುದೇ ಅಪರೂಪ. ಸಾಲದ್ದಕ್ಕೆ, ಚಿತ್ರಗಳು ಕಡಿಮೆ ಬಿದ್ದಾಗ ಅವನ್ನೇ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಇನ್ನೊಮ್ಮೆ ಕಲಿಸುವ ರೂಢಿಯೂ ಇದೆ. ಹಾಗೆ ಕಲಿತದ್ದಕ್ಕೆ ವಾಮಭಾಗ ಅಂದರೆ ಏನು ಅರ್ಥ?

ಗ್ರೀಕ್ ಪುರಾಣದ ಹಾವುಗೂದಲಿನ ಗಾರ್ಗನ್ ಮೆಡೂಸಾಳದ್ದೂ ಇದೇ ಪಾಡು. ಕ್ರಿ.ಪೂ. 580ರ ಸುಮಾರಿಗೆ ಗ್ರೀಸಿನ ಕಾರ್ಫು ದ್ವೀಪದ ಆರ್ಟೆಮಿಸ್ ದೇವಿಯ ದೇಗುಲದಲ್ಲಿ ಕೆತ್ತಿದ ಗಾರ್ಗನ್‌ಗೆ ಉಬ್ಬುಗಣ್ಣು, ಸೊಂಟಕ್ಕೆ ಹಾವುಗಳ ಗಂಟು. ಮೈ ಪಕ್ಕಕ್ಕೆ ಓಡುತ್ತಿದ್ದರೂ ಮುಖ ಮಾತ್ರ ನೇರ ನಮ್ಮ ಕಡೆಗೆ. ಮಷೀನಿಗೆ ಕೇಳಿ ನೋಡಿ, ಅರೆಗಣ್ಣು ಮುಚ್ಚಿದ ಚೆಲುವೆಯೊಬ್ಬಳು ಹಾವುಗಳನ್ನು ಗುಂಗುರುಗೂದಲಿನ ಹಾಗೆ ಮುಡಿದು ಬರುತ್ತಾಳೆ.

ಉತ್ತರ 2

ಇಲ್ಲಿಗೇ ಕೈಬಿಡಬೇಡಿ. ಆಲ್ಗರಿದಮ್ ಅಂದರೆ ರಾಶಿ ಚಿತ್ರಗಳ ಸರಾಸರಿ ಒಂದೇ ಅಲ್ಲ. ಚಿತ್ರಕಾರ ಹೆರಾಲ್ಡ್ ಕೋಹೆನ್ 1970ರ ದಶಕದಲ್ಲಿ ಚಿತ್ರ ಬರೆಯುವ ಆರನ್ ಎಂಬ ಪ್ರೋಗ್ರಾಂ ಶುರುಮಾಡಿ, 2016ರಲ್ಲಿ ತೀರಿಕೊಳ್ಳುವವರೆಗೂ ಅದರ ಜೊತೆಗೇ ಇದ್ದ. ಅದಕ್ಕೆ ಚಿತ್ರರಾಶಿ ತೋರಿಸಲಿಲ್ಲ, ನಿಯಮ ಬರೆದುಕೊಟ್ಟ. ನಮ್ಮ ಶಿಲ್ಪಶಾಸ್ತ್ರದ ದಾರಿಯೂ ಅದೇ ಅಲ್ಲವೇ? ನವತಾಲ ಎಂದರೆ ಮುಖದ ಅಳತೆಯ ಒಂಬತ್ತರಷ್ಟು ಮೈ; ತಾಲಕ್ಕೆ 12 ಅಂಗುಲ, ಒಟ್ಟು 108. ಯಾವ ಕೈಗೆ ಯಾವ ಆಯುಧ ಎಂಬುದನ್ನು ಧ್ಯಾನಶ್ಲೋಕ ಹೇಳುತ್ತದೆ. ಮನಶ್ಶಾಸ್ತ್ರಜ್ಞ ಯೂಂಗ್ ಆರ್ಕಿಟೈಪನ್ನು, ಅಂದರೆ ನೀವು ಹೇಳುವ ಆದಿಮ ರೂಪವನ್ನು, ಹರಳಿನ ಅಕ್ಷಕ್ಕೆ ಹೋಲಿಸಿದ್ದ: ದ್ರಾವಣದಲ್ಲಿ ಹರಳು ಹೇಗೆ ಕಟ್ಟಬೇಕೆಂದು ಅದು ನಿರ್ಧರಿಸುತ್ತದೆ, ಆದರೆ ತಾನೇ ಒಂದು ವಸ್ತುವಲ್ಲ. ಆ ಅಕ್ಷವನ್ನು ನೀವೇ ಕೊಡಿ. ಕೈಯಾರೆ ರೇಖಾಚಿತ್ರ ಮಾಡಿ, ಮಾದರಿಯನ್ನು ಕೊಟ್ಟ ಗೆರೆಗಳಿಗೆ ಕಟ್ಟಿಹಾಕುವ ಕಂಟ್ರೋಲ್‌ನೆಟ್‌ಗೆ ಹಾಕಿ, ಮೇಲಿನ ಮಾಂಸ-ಚರ್ಮ ಅದು ತುಂಬಲಿ.

ಪ್ರಶ್ನೆ ಕೇಳಿದವರು

ಹನ್ನೊಂದು ದಿನ ಬಿಟ್ಟು ಬರೆಯುತ್ತಿದ್ದೇನೆ, ಕ್ಷಮಿಸಿ. ಇದ್ದಿಲಲ್ಲಿ ಒಂಬತ್ತು ತಾಲದ ಅಡ್ಡಗೆರೆ ಎಳೆದೆ, ನಡುವೆ ಬ್ರಹ್ಮಸೂತ್ರ, ಅಂದರೆ ಮೈಯ ನಟ್ಟನಡುವಿನ ನೇರಗೆರೆ, ಇಳಿಸಿದೆ, ಎಡ ಸೊಂಟವನ್ನು ಆ ಸೂತ್ರದಿಂದ ಆಚೆಗೆ ತಳ್ಳಿದೆ. ಎರಡು ಬದಿಗೂ ಬೇರೆ ಬಣ್ಣ ಕೇಳುವುದನ್ನು ನಿಲ್ಲಿಸಿ, ಇಡೀ ಮೈಗೆ ಕಲ್ಲಿನ ಬೂದು ಒಂದೇ ಸಾಕೆಂದೆ.

ಮೊದಲ ಏಳು ಚಿತ್ರ ಅಳಿಸಿದೆ. ಎಂಟನೆಯದರಲ್ಲಿ ಎಡ-ಬಲ ಸರಿಯಾಗಿ ಕೂತಿತ್ತು, ಗೆರೆ ಮಾಯವಾಗಿತ್ತು. ಹೊಕ್ಕುಳ ಮಾತ್ರ ಸೂತ್ರದಿಂದ ಒಂದು ಬೆರಳು ಎಡಕ್ಕೆ ಸರಿದು, ಅದರ ಸುತ್ತ ನಾನು ಕೇಳದ ನೆರಳೊಂದು ಮಡಿಕೆ ಬಿದ್ದಿತ್ತು. ಬಲದಿಂದ ನೋಡಿದರೆ ಉಸಿರು ಬಿಗಿಹಿಡಿದ ಹೊಟ್ಟೆ, ಎಡದಿಂದ ನೋಡಿದರೆ ಸಡಿಲ ಬಿಟ್ಟದ್ದು. ತುಂಬಾ ಹೊತ್ತು ಅದರ ಮುಂದೆ ಸುಮ್ಮನೆ ಕೂತಿದ್ದೆ. ಅಳತೆಯಲ್ಲಿ ಅದು ತಪ್ಪು, ಆದರೂ ತಿದ್ದಲು ಮನಸ್ಸು ಬರಲಿಲ್ಲ.

ಉತ್ತರ 2

ತಿದ್ದಬೇಡಿ. ತುಟಿ ಹೇಗೆ ಬಂದಿದೆ?

ಪ್ರಶ್ನೆ ಕೇಳಿದವರು

ಎರಡೂ ಬದಿ ಒಂದೇ ನಗು ಕೊಟ್ಟಿದೆ. ಅದನ್ನು ಮಷೀನಿಗೆ ಬಿಡುವುದಿಲ್ಲ. ಮೈಯ ಬಣ್ಣ ಒಣಗಲಿ ಎಂದು ಕಾಯುತ್ತಿದ್ದೇನೆ, ತುಟಿ ನಾನೇ ಬರೆಯುತ್ತೇನೆ.