ಆಳವಾದ ಫೋಲ್ಡರ್‌ಗಳಿಗೆ ಯಾವ ನೋಟ ಅನುಕೂಲ: ಮರವೋ, ಕಾಲಮ್ಮೋ?

ಪ್ರಶ್ನೆ: ಶಾಸನಗಳ ಸುಮಾರು ನಾಲ್ಕು ಸಾವಿರ ಸ್ಕ್ಯಾನ್ ಚಿತ್ರಗಳನ್ನು ಜಿಲ್ಲೆ, ತಾಲ್ಲೂಕು, ಊರು ಎಂದು ಜೋಡಿಸಿಟ್ಟಿದ್ದೇನೆ. ವಿಂಡೋಸ್ ಎಕ್ಸ್‌ಪ್ಲೋರರ್‌ನ ಎಡಬದಿಯ ಮರದಲ್ಲಿ (ಫೋಲ್ಡರ್‌ಗಳು ಕೊಂಬೆಗಳಂತೆ ಒಂದರೊಳಗೊಂದು ಬಿಚ್ಚಿಕೊಳ್ಳುವ ಪಟ್ಟಿಯಲ್ಲಿ) ಐದನೆಯ ಹಂತಕ್ಕೆ ಇಳಿಯುವಷ್ಟರಲ್ಲಿ ಹೆಸರುಗಳು ಬಲಕ್ಕೆ ಸರಿದು ಅರ್ಧಕ್ಕೇ ತುಂಡಾಗುತ್ತವೆ. ಮ್ಯಾಕ್‌ನ ಕಾಲಮ್ ನೋಟ ಇದಕ್ಕಿಂತ ಉತ್ತಮವೇ?

ಉತ್ತರ 1: ಹಂತಗಳು ಹೆಚ್ಚಿದ್ದಲ್ಲಿ ಕಾಲಮ್ ನೋಟವೇ ಮೇಲು. ನೆಕ್ಸ್ಟ್‌ಸ್ಟೆಪ್ ಎಂಬ ಹಳೆಯ ಕಾರ್ಯಾಚರಣಾ ವ್ಯವಸ್ಥೆಯಿಂದ ಬಂದು 2001ರಲ್ಲಿ ಮ್ಯಾಕ್ ಓಎಸ್ ಟೆನ್‌ನ ಕಡತ ನೋಡುವ ತಂತ್ರಾಂಶವಾದ ಫೈಂಡರ್ ಸೇರಿದ ಈ ನೋಟದಲ್ಲಿ ಪ್ರತಿ ಹಂತಕ್ಕೂ ಒಂದು ಕಾಲಮ್ ತೆರೆಯುವುದರಿಂದ, ಎಲ್ಲಿಂದ ಇಳಿದು ಬಂದೆವೆಂಬುದು ಕಣ್ಣೆದುರಿಗೇ ಇರುತ್ತದೆ. ಬಾಣದ ಕೀಲಿಗಳಿಂದಲೇ ಓಡಾಡಬಹುದು, ಕೊನೆಯ ಕಾಲಮ್‌ನಲ್ಲಿ ಚಿತ್ರವೂ ಕಾಣುತ್ತದೆ. ಆದರೆ ದಿನಾಂಕ, ಗಾತ್ರಗಳನ್ನು ಹೋಲಿಸಲು ಪಟ್ಟಿ ನೋಟವೇ ಬೇಕು.

ಉತ್ತರ 2: ನೋಡುವುದಕ್ಕಿಂತ ಸಾಗಿಸುವ ಕೆಲಸ ಹೆಚ್ಚಾಗಿದ್ದರೆ, 1986ರ ನಾರ್ಟನ್ ಕಮಾಂಡರ್ ಎಂಬ ಕಡತ ನಿರ್ವಹಣಾ ತಂತ್ರಾಂಶ ರೂಢಿಗೆ ತಂದ ಎರಡು ಫಲಕಗಳ ಕ್ರಮವನ್ನು ಪರಿಗಣಿಸಿ. ಅದೇ ಬಗೆಯ, ವಿಂಡೋಸ್‌ನ ಟೋಟಲ್ ಕಮಾಂಡರ್‌ನಲ್ಲಿ ಎಡಕ್ಕೆ ಮೂಲ, ಬಲಕ್ಕೆ ಗುರಿಯನ್ನು ತೆರೆದಿಟ್ಟುಕೊಂಡು ಎಫ್5 ಒತ್ತಿದರೆ ನಕಲು, ಎಫ್6 ಒತ್ತಿದರೆ ಸ್ಥಳಾಂತರ. ಮೌಸ್‌ನಿಂದ ಎಳೆಯುವಾಗ ಕೈತಪ್ಪಿ ಒಂದು ಊರನ್ನೇ ಪಕ್ಕದ ತಾಲ್ಲೂಕಿಗೆ ಸೇರಿಸಿ, ಅರ್ಧ ದಿನ ಹುಡುಕಿದವನು ನಾನು.

ಉತ್ತರ 3: ಪ್ರತಿ ಫೋಲ್ಡರ್‌ಗೂ ಹೊಸ ಕಿಟಕಿ ತೆರೆಯುವ ಕ್ರಮವನ್ನಂತೂ ಆರಿಸಿಕೊಳ್ಳಬೇಡಿ. ಲಿನಕ್ಸ್‌ನ ಡೆಸ್ಕ್‌ಟಾಪ್ ಆದ ಗ್ನೋಮ್‌ನ 2004ರ 2.6 ಆವೃತ್ತಿಯಲ್ಲಿ, ನಾವಾಗಿ ಬದಲಿಸದಿದ್ದರೆ ಅದೇ ಕ್ರಮವಿತ್ತು. ಐದು ಹಂತ ಇಳಿದರೆ ಪರದೆಯ ಮೇಲೆ ಐದು ಕಿಟಕಿಗಳು ಒಂದರ ಮೇಲೊಂದು ಬೀಳುತ್ತಿದ್ದವು.