ಮೂರನೇ ತರಗತಿ: ಕಾಗುಣಿತ ಬಾಯಿಪಾಠ ಬರುತ್ತೆ, ಬಿಡಿ ಅಕ್ಷರ ಗೊತ್ತಾಗಲ್ಲ. ಡಿಸ್ಲೆಕ್ಸಿಯಾ ಇರಬಹುದೇ?

ಪ್ರಶ್ನೆ: ಊರಶಾಲೆ_ಮೇಷ್ಟ್ರು

ಕನ್ನಡ ಮಾಧ್ಯಮದ ಸರ್ಕಾರಿ ಶಾಲೆ. ಎಂಟು ತುಂಬಿದ ಹುಡುಗಿ. ‘ಕ ಕಾ ಕಿ ಕೀ’ ಒಂದೇ ಉಸಿರಿಗೆ ಹೇಳ್ತಾಳೆ. ಬೋರ್ಡ್ ಮೇಲೆ ‘ಕೇ’ ಒಂದನ್ನೇ ಬರೆದರೆ ಬೆರಳು ಮಡಚುತ್ತಾ ‘ಕ’ದಿಂದ ಶುರು ಮಾಡಿ ಅಲ್ಲಿಗೆ ಬಂದು ನಿಲ್ಲಬೇಕು. ‘ವು’ ಮತ್ತು ‘ಮ’ ಅದಲುಬದಲು. ಉಕ್ತಲೇಖನದಲ್ಲಿ ‘ಬಾಳೆ’ ಹೇಳಿದರೆ ‘ಬಳೆ’, ‘ಅಪ್ಪ’ ಹೇಳಿದರೆ ‘ಅಪ’. ಬೋರ್ಡ್ ನೋಡಿ ಬರೆಯೋದು ಮಾತ್ರ ಮುತ್ತು ಪೋಣಿಸಿದ ಹಾಗೆ. ಕಥೆ ಹೇಳಿ ಪ್ರಶ್ನೆ ಕೇಳಿದರೆ ಎಲ್ಲರಿಗಿಂತ ಮೊದಲು ಕೈ ಎತ್ತುತ್ತಾಳೆ, ಬಾಯಿಲೆಕ್ಕವೂ ಚುರುಕು.

ಇದು ಅಭ್ಯಾಸದ ಕೊರತೆಯೋ ಡಿಸ್ಲೆಕ್ಸಿಯಾನೋ (ಬುದ್ಧಿ ಚುರುಕಿದ್ದೂ ಓದು-ಬರಹ ಕಷ್ಟವಾಗುವ ಕಲಿಕಾ ತೊಂದರೆ), ಶಾಲೆಯಲ್ಲೇ ಹೇಗೆ ಅಂದಾಜು ಮಾಡಬಹುದು? 28 ಮಕ್ಕಳಿರುವ ತರಗತಿಯಲ್ಲಿ ಈಗಿನಿಂದಲೇ ಏನು ಮಾಡಲಿ? ಪ್ರಮಾಣಪತ್ರಕ್ಕೆ ಎಲ್ಲಿಗೆ ಕಳಿಸಬೇಕು?

ಉತ್ತರ 1: ವಾಕ್‌ಶ್ರವಣ

ಮೇಷ್ಟ್ರೇ, ಮೊದಲು ಕಿವಿ ಮತ್ತು ಕಣ್ಣಿನ ಪರೀಕ್ಷೆ ಆಗಲಿ. ಪದೇ ಪದೇ ಕಿವಿ ಸೋರುವ ಮಗುವಿಗೆ ಹ್ರಸ್ವ-ದೀರ್ಘದ, ಅಲ್ಪಪ್ರಾಣ-ಮಹಾಪ್ರಾಣದ ವ್ಯತ್ಯಾಸ ಸರಿಯಾಗಿ ಕೇಳಿಸದೇ ಇರಬಹುದು. ಅದು ಡಿಸ್ಲೆಕ್ಸಿಯಾ ಅಲ್ಲ, ಅದರ ಚಿಕಿತ್ಸೆಯೇ ಬೇರೆ.

ಎರಡೂ ಸರಿಯಿದ್ದರೆ ಕಾಗದವಿಲ್ಲದೆ, ಬರೀ ಬಾಯಿಮಾತಲ್ಲಿ ನೋಡಿ. ‘ಕಮಲ’ದಿಂದ ‘ಕ’ ತೆಗೆದರೆ ಏನು ಉಳಿಯುತ್ತೆ? ‘ರಂಗೋಲಿ’ಯ ಕೊನೆಯ ಅಕ್ಷರ ಯಾವುದು? ‘ಕಿ’ಯಲ್ಲಿರುವ ಎರಡು ಸದ್ದು ಯಾವುವು? ಮೊದಲೆರಡಕ್ಕೇ ತಡವರಿಸಿದರೆ ತೊಂದರೆ ಕಣ್ಣಿನದಲ್ಲ. ಮಾತನ್ನು ಸದ್ದುಗಳಾಗಿ ಬಿಡಿಸಿಕೊಳ್ಳುವಲ್ಲಿ ತೊಡಕಿದೆ, ಡಿಸ್ಲೆಕ್ಸಿಯಾದ ಬೇರು ಬಹುತೇಕ ಅಲ್ಲೇ ಇರುತ್ತೆ. ಮೂರನೆಯದಕ್ಕೆ ತಡವರಿಸಿದರೆ ಗಾಬರಿ ಬೇಡ. ಅಕ್ಷರದೊಳಗಿನ ವ್ಯಂಜನ-ಸ್ವರ ಬಿಡಿಸುವುದು ಕನ್ನಡ ಓದುವ ಮಕ್ಕಳಿಗೆ ತಡವಾಗಿಯೇ ಬರುತ್ತೆ.

ಆಮೇಲೆ ಅರ್ಥವಿಲ್ಲದ ಹತ್ತು ಪದ ಓದಿಸಿ: ಸಗದು, ರಬಿಜ, ನದಾಸಿ, ಹೀಗೆ. ಪಾಠದ ಪದಗಳನ್ನು ಮಕ್ಕಳು ಚಿತ್ರದಂತೆ ನೆನಪಿಟ್ಟುಕೊಂಡು ಓದಿದ ಹಾಗೆ ಮಾಡಬಲ್ಲರು, ಇಲ್ಲಿ ಆ ದಾರಿ ಇಲ್ಲ. ನೀವು ಹೇಳಿದ ಬೆರಳು ಮಡಚುವ ಲಕ್ಷಣ ಬಹಳ ಮುಖ್ಯವಾದದ್ದು. ಅವಳಿಗೆ ಸಾಲು ಗೊತ್ತು, ಅಕ್ಷರ ಗೊತ್ತಿಲ್ಲ.

ಒತ್ತಕ್ಷರದ ತಪ್ಪೊಂದನ್ನೇ ಹಿಡಿದು ತೀರ್ಮಾನಕ್ಕೆ ಬರಬೇಡಿ. ಕನ್ನಡದ ಅಕ್ಷರಗಳೆಲ್ಲ ಕೈವಶವಾಗಲು ಇಂಗ್ಲಿಷಿಗಿಂತ ಹೆಚ್ಚು ವರ್ಷ ಬೇಕು, ನಾಲ್ಕನೇ ತರಗತಿಯ ಆಚೆಗೂ ಕಲಿಕೆ ಸಾಗುತ್ತೆ ಎಂಬುದನ್ನು ಸಂಶೋಧಕಿ ಸೋನಾಲಿ ನಾಗ್ ಅವರ 2007ರ ಅಧ್ಯಯನ ತೋರಿಸಿದೆ. ಮೂರನೇ ತರಗತಿಯಲ್ಲಿ ಯೋಚಿಸಬೇಕಾದದ್ದು ಮೂಲಾಕ್ಷರ ಮತ್ತು ಗುಣಿತವೇ ಗಟ್ಟಿಯಾಗದಿದ್ದರೆ.

ಉತ್ತರ 2: ಸಂಪನ್ಮೂಲ_ಶಿಕ್ಷಕಿ

ಮೊದಲು ನಿಲ್ಲಿಸಬೇಕಾದ್ದು: ಹತ್ತು ಸಲ ಬರೆಸುವುದು. ಎರಡನೇ ಸಾಲಿನಿಂದ ಅವಳು ಮೇಲಿನ ಸಾಲನ್ನು ನೋಡಿ ಚಿತ್ರ ಬಿಡಿಸುತ್ತಿರುತ್ತಾಳೆ, ಸದ್ದು ಕೈಗೆ ಇಳಿಯುವುದೇ ಇಲ್ಲ. ಬರವಣಿಗೆ ಮುತ್ತಿನಂತಿದ್ದೂ ಓದು ಬಾರದಿರುವುದಕ್ಕೆ ಇದೂ ಒಂದು ಕಾರಣ.

ದಿನಕ್ಕೆ 20 ನಿಮಿಷ, ವಾರಕ್ಕೆ ಐದು ದಿನ, ಆರು ವಾರ. ಒಂದೇ ದಿನ ಎರಡು ಗಂಟೆ ಕೂರಿಸಿದರೆ ಪ್ರಯೋಜನವಿಲ್ಲ. ಸಲಕ್ಕೆ ಐದು ಕಾರ್ಡ್ ಸಾಕು: ಚೆನ್ನಾಗಿ ಬರುವ ಮೂರು, ತಡವರಿಸುವ ಒಂದು, ಹೊಸದು ಒಂದು. ಪ್ರತಿ ಸುತ್ತಿಗೂ ಕಲಸಿ ಕೊಡಿ, ಕ್ರಮದಲ್ಲಿ ಎಂದೂ ಬೇಡ. ಹೊಸ ಅಕ್ಷರವನ್ನು ತಟ್ಟೆಯಲ್ಲಿ ಹರಡಿದ ಮರಳಿನ ಮೇಲೆ ಎರಡು ಬೆರಳಲ್ಲಿ ತಿದ್ದಬೇಕು, ಬೆರಳು ಓಡುವಾಗಲೇ ಬಾಯಲ್ಲಿ ಸದ್ದು ಬರಬೇಕು. ಬೆರಳು ಮೊದಲು ಓಡಿ ಬಾಯಿ ಆಮೇಲೆ ಬಂದರೆ ಮತ್ತೆ ನಕಲೇ ಆಯಿತು.

ಗುಣಿತವನ್ನು ಅಡ್ಡಸಾಲಲ್ಲಿ ಕಲಿಸಬೇಡಿ, ಕಂಬಸಾಲಲ್ಲಿ ಕಲಿಸಿ. ‘ರ ರಾ ರಿ ರೀ’ ಬದಲು ಒಂದು ವಾರ ಪೂರ್ತಿ ಗುಡಿಸು ಮಾತ್ರ: ರಿ, ಗಿ, ಸಿ, ದಿ. ಆಗ ಕಣ್ಣು ಬದಲಾಗದ ಆ ಗುರುತನ್ನು ಹಿಡಿಯುತ್ತೆ, ಅದರ ಜೊತೆಗೆ ‘ಇ’ ಸದ್ದು ಕೂರುತ್ತೆ. ಮಣಿ ಬಳಸಬಹುದು: ಕೆಂಪು ಮಣಿ ‘ಗ್’, ಹಳದಿ ಮಣಿ ‘ಇ’, ಎರಡನ್ನೂ ಕೂಡಿಸಿ ಜರುಗಿಸುತ್ತಾ ‘ಗಿ’. ಗುರುತು ಗಟ್ಟಿಯಾದ ಮೇಲೆ ಜೋಡಿಪದ: ಬಳೆ–ಬಾಳೆ, ಬಿಡು–ಬೀಡು, ಹುಳು–ಹೂಳು, ಕೆರೆ–ಕೇರೆ. ದೀರ್ಘ ಬಂದಾಗ ಕೈಯನ್ನು ಮೇಜಿನ ಮೇಲೆ ಉದ್ದಕ್ಕೆ ಎಳೆಯಲಿ.

ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿಯಲ್ಲಿ ‘ರ ಗ ಸ ದ ಅ’ ಆದ ಮೇಲೆ ‘ಜ ವ ಮ ಬ ನ’ ಒಟ್ಟಿಗೆ ಬರುತ್ತೆ. ಇವಳಿಗೆ ವ, ಮ ಒಟ್ಟಿಗೆ ಬೇಡ. ‘ಮ’ ತಪ್ಪಿಲ್ಲದೆ ಬರುವವರೆಗೆ ‘ವ’ ಪಕ್ಕಕ್ಕಿಡಿ. ‘ವು’ ಅಂತೂ ಕೊನೆಗೆ. ‘ವ’ದ ಬುಡಕ್ಕೆ ಕೊಂಬು ತಗುಲಿದರೆ ಅದು ‘ಮ’ದಂತೆಯೇ ಕಾಣುತ್ತೆ, ಆ ಕೊಂಬನ್ನು ಬೇರೆ ಬಣ್ಣದಲ್ಲಿ ಬರೆದು ತೋರಿಸಿ.

ಒತ್ತು ಶುರು ಮಾಡುವಾಗ ತನ್ನ ಮೂಲಾಕ್ಷರವನ್ನೇ ಹೋಲುವ ಒತ್ತುಗಳು ಮೊದಲು: ಪ್ಪ, ಗ್ಗ, ಟ್ಟ, ಡ್ಡ. ಆಮೇಲೆ ರೂಪ ಬದಲಾಯಿಸುವ ತ್ತ, ನ್ನ, ಮ್ಮ, ಯ್ಯ, ಲ್ಲ. ಇಲ್ಲಿ ಕತೆ–ಕತ್ತೆ, ಎಲೆ–ಎಲ್ಲೆ ಜೋಡಿಗಳು ಒದಗುತ್ತವೆ. ವಿಜಾತಿ ಒತ್ತು ಅದರ ನಂತರ. ಅರ್ಕಾವತ್ತು ಎಲ್ಲಕ್ಕಿಂತ ಕೊನೆಗೆ: ‘ಅರ್ಧ’ದಲ್ಲಿ ಕಿವಿಗೆ ‘ರ್’ ಮೊದಲು, ಕಣ್ಣಿಗೆ ‘ಧ’ ಮೊದಲು. ಮೊದಲೇ ಸದ್ದಿನ ಕ್ರಮ ತಪ್ಪುವ ಮಗುವಿಗೆ ಇದು ದೊಡ್ಡ ಬೆಟ್ಟ.

ತರಗತಿಯಲ್ಲಿ: ಎಲ್ಲರೆದುರು ಹೊಸ ಪಾಠ ಗಟ್ಟಿಯಾಗಿ ಓದಿಸಬೇಡಿ. ಓದಿಸಲೇಬೇಕಿದ್ದರೆ ಹಿಂದಿನ ದಿನವೇ ಎರಡು ಸಾಲು ಗುರುತು ಹಾಕಿ ಕೊಡಿ. ಲೆಕ್ಕದ ಪ್ರಶ್ನೆಯನ್ನು ನೀವೇ ಓದಿ ಹೇಳಿ. ಪರಿಸರ ಅಧ್ಯಯನದ ಉತ್ತರ ಬಾಯಲ್ಲಿ ಕೇಳಿ, ಅಂಕ ವಿಷಯಕ್ಕೆ ಕೊಡಿ, ಕಾಗುಣಿತಕ್ಕೆ ಕಳೆಯಬೇಡಿ. ಮನೆಗೆ ಸ್ಟೋರಿವೀವರ್ ಎಂಬ ಮಕ್ಕಳ ಪುಸ್ತಕಗಳ ಜಾಲತಾಣದ ಒಂದನೇ ಹಂತದ ಕನ್ನಡ ಪುಸ್ತಕ ಒಳ್ಳೆಯದು, ಉಚಿತವಾಗಿ ಸಿಗುತ್ತೆ.

ಮರುಪ್ರಶ್ನೆ: ಊರಶಾಲೆ_ಮೇಷ್ಟ್ರು

ಬಹಳ ಉಪಕಾರ ಮೇಡಂ. ಅವಳ ತಂದೆ ಬಣ್ಣದ ಕನ್ನಡಕ, ಕಣ್ಣಿನ ವ್ಯಾಯಾಮದ ಬಗ್ಗೆ ಯಾರೋ ಹೇಳಿದ್ದು ಕೇಳಿಕೊಂಡು ಬಂದಿದ್ದಾರೆ. ದುಡ್ಡು ಹೊಂದಿಸುವ ಯೋಚನೆಯಲ್ಲೂ ಇದ್ದಾರೆ.

ಉತ್ತರ: ವಾಕ್‌ಶ್ರವಣ

ದಯವಿಟ್ಟು ತಡೆಯಿರಿ. ದೃಷ್ಟಿದೋಷವಿದ್ದರೆ ಮಾಮೂಲಿ ಕನ್ನಡಕ ಹಾಕಿಸಲಿ. ಬಣ್ಣದ ಗಾಜು, ಕಣ್ಣಿನ ಕಸರತ್ತುಗಳಿಂದ ಡಿಸ್ಲೆಕ್ಸಿಯಾ ಸುಧಾರಿಸುತ್ತೆ ಎನ್ನಲು ಆಧಾರವಿಲ್ಲ ಎಂದು ಅಮೆರಿಕದ ಮಕ್ಕಳ ವೈದ್ಯರ ಮತ್ತು ನೇತ್ರತಜ್ಞರ ಸಂಘಗಳು 2009ರಲ್ಲೇ ಜಂಟಿಯಾಗಿ ಹೇಳಿವೆ. ಆ ದುಡ್ಡು ಪರೀಕ್ಷೆಗೆ ಹೋಗಿಬರುವ ಬಸ್ ಖರ್ಚಿಗಾಗಲಿ. ತಂದೆಗೆ ಇಷ್ಟು ಹೇಳಿ: ಬುದ್ಧಿ ಕಡಿಮೆಯಿಲ್ಲ, ಸೋಮಾರಿಯೂ ಅಲ್ಲ, ಓದುವ ದಾರಿಯನ್ನು ಅವಳಿಗೆ ಬಿಡಿಸಿ ಬಿಡಿಸಿ ತೋರಿಸಬೇಕು. ಹುಡುಗಿ ಪಕ್ಕದಲ್ಲೇ ಇರುವಾಗ ಹೇಳಿ, ಅವಳೂ ಕೇಳಿಸಿಕೊಳ್ಳಲಿ.

ಉತ್ತರ 3: ಹಕ್ಕುಪತ್ರ

ಪ್ರಮಾಣಪತ್ರದ ವಿಚಾರ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2016ರ 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆ ಸೇರಿದೆ, ಡಿಸ್ಲೆಕ್ಸಿಯಾ ಅದರೊಳಗೆ ಬರುತ್ತೆ. ಪರೀಕ್ಷೆಗೆ ಹೆಚ್ಚುವರಿ ಸಮಯ, ಬರಹಗಾರರ ನೆರವು, ಎರಡನೇ-ಮೂರನೇ ಭಾಷೆಯ ವಿನಾಯಿತಿ, ಈ ಮೂರನ್ನೂ ಕಾಯ್ದೆಯ 17ನೇ ಸೆಕ್ಷನ್ ಹೆಸರಿಸಿಯೇ ಹೇಳುತ್ತೆ.

2018ರ ಮಾರ್ಗಸೂಚಿಯಲ್ಲಿ ಪ್ರಮಾಣಪತ್ರ ಎಂಟನೇ ವಯಸ್ಸಿಗೆ, ಮತ್ತೆ 14ಕ್ಕೆ, 18ಕ್ಕೆ ಎಂದಿತ್ತು; 2024ರಲ್ಲಿ ಮಾರ್ಗಸೂಚಿ ಪರಿಷ್ಕರಣೆಯಾಗಿದೆ, ಈಗಿನ ನಿಯಮ ವಿಚಾರಿಸಿಕೊಳ್ಳಿ. ನಿಮ್ಮ ಹುಡುಗಿಗೆ ಸರಿಯಾದ ಸಮಯ. ಬುದ್ಧಿಮತ್ತೆಯ ಪರೀಕ್ಷೆ ಮತ್ತು ನಿಮ್ಹಾನ್ಸ್ ರೂಪಿಸಿದ ಪರೀಕ್ಷಾಮಾಲೆ, ಎರಡೂ ನಡೆಯುತ್ತವೆ. ಬೆಂಗಳೂರಿನ ನಿಮ್ಹಾನ್ಸ್, ಮೈಸೂರು ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪರಿಶೀಲನೆ ಆಗುತ್ತೆ. ಹತ್ತಿರದ ವ್ಯವಸ್ಥೆಗೆ ಜಿಲ್ಲಾಸ್ಪತ್ರೆಯಲ್ಲಿ ಮತ್ತು ನಿಮ್ಮ ಬ್ಲಾಕಿನ ಬಿಐಇಆರ್‌ಟಿ (ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು) ಅವರಲ್ಲಿ ವಿಚಾರಿಸಿ. ಖಾಸಗಿ ಮನಶ್ಶಾಸ್ತ್ರಜ್ಞರ ವರದಿ ಉಪಯುಕ್ತ, ಆದರೆ ಅದೇ ಸರ್ಕಾರಿ ಪ್ರಮಾಣಪತ್ರವಲ್ಲ. ಎಷ್ಟೋ ಪೋಷಕರು ಇಲ್ಲೇ ಎಡವುತ್ತಾರೆ. ಪ್ರಮಾಣಪತ್ರ ಮತ್ತು ಯುಡಿಐಡಿ ಕಾರ್ಡಿಗೆ (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ) ಅರ್ಜಿ ಕೇಂದ್ರ ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ.

ಹೋಗುವಾಗ ತಿದ್ದಿ ಅಂದಗೊಳಿಸದ ನೋಟ್‌ಬುಕ್, ಎರಡು ಉಕ್ತಲೇಖನದ ಹಾಳೆ, ಕಿವಿ-ಕಣ್ಣಿನ ವರದಿ, ಆರು ವಾರದ ಪಾಠದ ದಾಖಲೆ ಕಳಿಸಿ. ‘ಓದಿನಲ್ಲಿ ಹಿಂದೆ’ ಎಂದು ಬರೆದ ಪತ್ರಕ್ಕಿಂತ ‘ಗುಡಿಸಿನ 20 ಕಾರ್ಡಿನಲ್ಲಿ ಮೊದಲ ವಾರ 4, ಆರನೇ ವಾರ 9’ ಎಂಬ ಒಂದು ಸಾಲಿಗೆ ತೂಕ ಜಾಸ್ತಿ.

ಮುಂದಿನ ಮಾತು: ಲಿಖಿತ ಪರೀಕ್ಷೆಗಳಿಗೆ ಕೇಂದ್ರದ ಮಾರ್ಗಸೂಚಿ ಹೇಳುವುದು ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು, ಅಂದರೆ ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ. ಆದರೆ ಹತ್ತನೇ ತರಗತಿಯಲ್ಲಿ ಮೊದಲ ಸಲ ಬರಹಗಾರರನ್ನು ಪಕ್ಕದಲ್ಲಿ ಕೂರಿಸಿದರೆ ಮಗು ಬಾಯೇ ಬಿಡುವುದಿಲ್ಲ. ಉತ್ತರವನ್ನು ವಾಕ್ಯವಾಗಿ, ಬರೆಯುವವರ ಕೈ ನೋಡಿಕೊಂಡು, ನಿಲ್ಲಿಸಿ ನಿಲ್ಲಿಸಿ ಹೇಳುವುದೂ ಒಂದು ಕಲಿಕೆ. ಎಂಟನೇ ತರಗತಿಯಿಂದಲೇ ಕಿರುಪರೀಕ್ಷೆಗಳಲ್ಲಿ ರೂಢಿ ಮಾಡಿಸಬೇಕು.

ಊರಶಾಲೆ_ಮೇಷ್ಟ್ರು

ಸೋಮವಾರದಿಂದ ರಿ-ಗಿ-ಸಿ-ದಿ ಶುರು. ಪ್ರಮಾಣಪತ್ರ ಬರುವವರೆಗೆ ಕಾಯಲ್ಲ. ಒಂದೇ ಅನುಮಾನ: ಬೆಳಗ್ಗೆ ಎಲ್ಲರೂ ಕಾಗುಣಿತ ಹಾಡುವಾಗ ಅವಳನ್ನು ಬಿಡಿಸಬೇಕಾ?

ಸಂಪನ್ಮೂಲ_ಶಿಕ್ಷಕಿ

ಬೇಡ, ಹಾಡಲಿ. ಅದು ಅವಳಿಗೆ ಚೆನ್ನಾಗಿ ಬರುತ್ತೆ, ಎಲ್ಲರ ಜೊತೆ ದನಿ ಸೇರಿಸುವ ಹೊತ್ತು ಅದೊಂದೇ. ಹಾಡು ಮುಗಿದ ಕೂಡಲೇ ಐದು ಕಾರ್ಡ್ ಕಲಸಿ ಅವಳ ಕೈಗೆ ಕೊಡಿ. ಮೊದಲನೆಯದು ಅವಳಿಗೆ ಖಂಡಿತ ಗೊತ್ತಿರುವುದೇ ಆಗಿರಲಿ.