‘ಕನಾತ್’ಗೆ ಕನ್ನಡದಲ್ಲಿ ಏನೆನ್ನಬೇಕು?

ಮರುಭೂಮಿಯ ನೆಲದಡಿ ನೀರಾವರಿಯ ಬಗ್ಗೆ ಮಡಿಕೇರಿಯ ಹೈಸ್ಕೂಲು ಮಕ್ಕಳಿಗಾಗಿ ಒಂದು ಲೇಖನ ಬರೆಯುತ್ತಿದ್ದೇನೆ. ಮೊದಲ ಸಾಲಿನಲ್ಲೇ ಪದದ ತೊಡಕು ಎದುರಾಯಿತು, ಬಲ್ಲವರು ನೆರವಾಗಬೇಕು.

ಬೆಟ್ಟದ ಬುಡದಲ್ಲಿ ನೀರಿನ ಪದರ ಸಿಗುವವರೆಗೆ ಒಂದು ಬಾವಿಯನ್ನು ತೋಡಿ, ಆ ನೀರು ಮೇಲಿನ ನೆಲಕ್ಕಿಂತ ಕಡಿಮೆ ಇಳಿಜಾರಿನ ಸುರಂಗದಲ್ಲಿ ತಾನಾಗಿ ಹರಿದು, ಎಷ್ಟೋ ದೂರದಲ್ಲಿ ಬಯಲಿಗೆ ಬರುವಂತೆ ಮಾಡುವ ಏರ್ಪಾಡಿದು. ಮಣ್ಣೆತ್ತುವುದಕ್ಕೂ ಗಾಳಿಯಾಡುವುದಕ್ಕೂ ಸುರಂಗದ ಉದ್ದಕ್ಕೆ ಸಾಲಾಗಿ ಬಾಯಿಗಳನ್ನು ಬಿಟ್ಟಿರುತ್ತಾರೆ. ಇರಾನಿನಲ್ಲಿ ಇದು ಕನಾತ್ ಅಥವಾ ಕಾರೀಜ್, ಒಮಾನಿನಲ್ಲಿ ಫಲಜ್, ಅಲ್ಜೀರಿಯದಲ್ಲಿ ಫೊಗ್ಗಾರ, ಮೊರಾಕೊದಲ್ಲಿ ಖೆತ್ತಾರ. ಒಮಾನಿನ ಐದು ಫಲಜ್‌ಗಳು 2006ರಲ್ಲಿಯೂ ಇರಾನಿನ ಹನ್ನೊಂದು ಕನಾತ್‌ಗಳು 2016ರಲ್ಲಿಯೂ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ.

‘ಕನಾತ್’ ಎಂದೇ ಬರೆದರೆ, ಡೇರೆಯ ಸುತ್ತ ಕಟ್ಟುವ ಬಟ್ಟೆಯ ಗೋಡೆಗೆ ನಮ್ಮಲ್ಲಿ ಮೊದಲೇ ಇರುವ ‘ಕನಾತು’ ಅಡ್ಡ ಬರುತ್ತದೆ. ‘ಭೂಗತ ಕಾಲುವೆ’ ಎಂದರೆ ಪಟ್ಟಣದ ಒಳಚರಂಡಿಯ ನೆನಪಾಗುತ್ತದೆ. ಆದ್ದರಿಂದ ಕರಡಿನಲ್ಲಿ ‘ಸುರಂಗ ಬಾವಿ’ ಎಂದು ಬರೆದು, ಭಾಗಮಂಡಲದ ಕಡೆ ಬಹುಕಾಲ ಗದ್ದೆ ಮಾಡಿದ ನಮ್ಮ ಮಾವನವರಿಗೆ ಓದಿ ಹೇಳಿದೆ. ‘ನೀರು ಸೇದಲು ಎಷ್ಟು ಉದ್ದದ ಹಗ್ಗ ಬೇಕು?’ ಎಂದು ಅವರು ಕೇಳಿದರು. ತಪ್ಪು ನನ್ನ ಪದದ್ದೇ. ಬಾವಿ ಎಂದ ಮೇಲೆ ನೀರನ್ನು ಮೇಲೆತ್ತಲೇಬೇಕು. ಇಲ್ಲಿಯಾದರೋ ಎತ್ತುವ ಶ್ರಮವಿಲ್ಲದಿರುವುದೇ ವಿಶೇಷ. ‘ಬೆಟ್ಟದ ಒರತೆಯನ್ನು ಅಡಿಕೆ ದಂಬೆಯಲ್ಲಿ ಮನೆಯ ತನಕ ತರುತ್ತಿದ್ದೆವಲ್ಲ, ಆ ದಂಬೆಯನ್ನೇ ನೆಲದೊಳಗೆ ಇಟ್ಟ ಹಾಗೆ’ ಎಂದಾಗ ಅವರಿಗೆ ಕೂಡಲೇ ತಿಳಿಯಿತು.

ಹಾಗಾದರೆ ಬರೀ ‘ಸುರಂಗ’ ಸಾಲದೇ? ಕಾಸರಗೋಡು, ಬಂಟ್ವಾಳದ ಕಡೆ ಮುರಕಲ್ಲಿನ ಗುಡ್ಡವನ್ನು ಅಡ್ಡಕ್ಕೆ ಕೊರೆದು ನೀರು ತರುವುದಕ್ಕೆ ಆ ಹೆಸರು ಗಟ್ಟಿಯಾಗಿ ನಿಂತಿದೆ. ಅದು ಸಾಮಾನ್ಯವಾಗಿ ಒಂದು ಮನೆಯ, ಒಂದು ತೋಟದ ನೀರು. ಕನಾತ್ ಊರಿಗೆ ಊರೇ ಪಾಲು ಮಾಡಿಕೊಳ್ಳುವ ನೀರು. ‘ಫಲಜ್’ ಎಂಬ ಮಾತಿನ ಮೂಲದಲ್ಲೇ ಪಾಲು ಮಾಡುವ ಅರ್ಥವಿದೆ. ಇರಾನಿನಲ್ಲಿ ನೀರು ಹಂಚುವವನು ‘ಮೀರಾಬ್’, ಅಂದರೆ ನೀರಿನ ಒಡೆಯ. ಇದಕ್ಕೆ ನಮ್ಮ ಬಯಲುಸೀಮೆಯ ಕೆರೆಗಳ ‘ನೀರಗಂಟಿ’ಗಿಂತ ಒಪ್ಪುವ ಪದ ನನಗೆ ಕಾಣದು, ಇದೊಂದನ್ನು ಹಿಂಜರಿಯದೆ ಬಳಸಿದ್ದೇನೆ.

ಪದಮೂಲದ ಒಂದು ಸಂಗತಿಯನ್ನು ಇಲ್ಲಿ ಹೇಳದೆ ಇರಲಾರೆ. ಅರಬ್ಬಿಯ ‘ಕನಾತ್’ಗೆ ಜೊಂಡು, ಟೊಳ್ಳು ಕೋಲು ಎಂಬ ಅರ್ಥವೂ ಇದೆ, ಅಕ್ಕಾಡಿಯನ್ ಭಾಷೆಯ ‘ಕನು’ ಎಂದರೂ ಜೊಂಡೇ. ಅರ್ಥಶಾಸ್ತ್ರದಲ್ಲಿಯೇ ‘ಸುರುಂಗಾ’ ಎಂದು ಕಾಣಿಸುವ ನಮ್ಮ ‘ಸುರಂಗ’ವು ಗ್ರೀಕಿನ ‘ಸಿರಿಂಕ್ಸ್’ನಿಂದ ಬಂದುದೆಂದು ವಿದ್ವಾಂಸರು ಹೇಳುತ್ತಾರೆ, ಅದರ ಅರ್ಥ ಕೊಳಲು, ಕೊಳವೆ. ಬೇರೆ ಬೇರೆ ದಾರಿಯಲ್ಲಿ ಬಂದ ಎರಡು ಪದಗಳೂ ಟೊಳ್ಳು ಕಡ್ಡಿಯೊಂದಕ್ಕೇ ಹೋಗಿ ಮುಟ್ಟುವುದನ್ನು ಕಂಡು ಬಹಳ ಸಂತೋಷವಾಯಿತು. ಆದರೂ ‘ಕೊಳವೆ’ ಎನ್ನುವಂತಿಲ್ಲ. ಕೊಳವೆಬಾವಿ ಆ ಮಾತನ್ನು ಪೂರ್ತಿಯಾಗಿ ತನ್ನದಾಗಿಸಿಕೊಂಡಿದೆ.

ನನ್ನ ಒಲವು ಕಾರೀಜ್‌ನ ಇನ್ನೊಂದು ರೂಪವಾದ ‘ಕರೇಜ್’ ಕಡೆಗಿದೆ. ಬಹಮನಿಗಳ ಕಾಲದ ಬೀದರಿನ ನೌಬಾದ್ ಕರೇಜ್ ನಮ್ಮ ನಾಡಿನದೇ ಆದ್ದರಿಂದ ಇದನ್ನು ಎರವಲು ಪದವೆಂದು ದೂರವಿಡಲು ಕಾರಣವಿಲ್ಲ. ಮೊದಲ ಸಲ ಬಂದಾಗ ‘ಸುರಂಗಗಾಲುವೆ’ ಎಂಬ ವಿವರಣೆ ಕೊಟ್ಟು, ಮುಂದೆ ಕರೇಜ್ ಎಂದೇ ಬರೆಯಬಹುದು. ಸುರಂಗದ ಜೊತೆ ಕಾಲುವೆ ಸೇರಿದರೆ ಅರಿಸಮಾಸವೆಂದು ಯಾರಾದರೂ ಆಕ್ಷೇಪಿಸಬಹುದು. ಕನ್ನಡದ ನಾಲಗೆಯಲ್ಲಿ ಇಷ್ಟು ಬಳಕೆಯಾದ ಪದಕ್ಕೆ ಆ ಕಟ್ಟು ಬೇಡವೆಂದು ನನ್ನ ಅಭಿಪ್ರಾಯ. ಪಾರಸಿಯಲ್ಲಿ ಮೊದಲ ಬಾವಿಗಿರುವ ಹೆಸರನ್ನು ‘ತಾಯಿಬಾವಿ’ ಎಂದು ನೇರವಾಗಿಯೇ ತರಬಹುದು.

ಬೀದರ್ ಮತ್ತು ವಿಜಯಪುರದವರಲ್ಲಿ ನನ್ನ ಪ್ರಶ್ನೆ ಎರಡು. ನೌಬಾದಿನ ಸುತ್ತಮುತ್ತಲ ರೈತರು ಆ ಸಾಲು ಬಾಯಿಗಳಿಗೆ ಏನೆನ್ನುತ್ತಾರೆ? ತೊರವಿಯ ‘ಸುರಂಗ ಬಾವಡಿ’ ಎಂಬ ಹೆಸರು ಜನರ ಮಾತಿನಲ್ಲಿ ಬಾವಿಗೆ ಮಾತ್ರ ಸಲ್ಲುತ್ತದೆಯೇ, ಅಥವಾ ನೀರು ಬರುವ ಸುರಂಗವನ್ನೂ ಒಳಗೊಳ್ಳುತ್ತದೆಯೇ?